ಸಂಘದ ಒಗ್ಗಟ್ಟು, ಸಾಲದ ಕಟ್ಟು

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ಮನೆಗೆ ಹಣ ಬರುವುದು ಗೂಡು ಮಾರುಕಟ್ಟೆಗೆ ಹೋದ ದಿನ. ಒಂದು ಬೆಳೆಗೆ ಸುಮಾರು ಒಂದು ತಿಂಗಳು ಬೇಕು. ಮೈಕ್ರೋಫೈನಾನ್ಸ್ ಕಂತಾದರೋ ಎಷ್ಟೋ ಕಡೆ ವಾರಕ್ಕೊಮ್ಮೆ ಬಾಗಿಲಿಗೆ ಬರುತ್ತದೆ. ಒಬ್ಬಾಕೆ ಕಟ್ಟಲಾರದೆ ಹೋದರೆ ಗುಂಪಿನ ಉಳಿದ ಹೆಂಗಸರು ತುಂಬಬೇಕು; ಇಲ್ಲವೇ ಆಕೆಯ ಮನೆಯ ಮುಂದೆ ಕುಳಿತು ವಸೂಲು ಮಾಡಿಕೊಡಬೇಕು.

ನಿಕಟ ಬಾಂಧವ್ಯದ ಕಿರುಗುಂಪುಗಳೇ ಸಮಾಜದ ಜೀವಾಳವೆಂದು ವೇದಿಕೆಗಳಲ್ಲಿ ಹೊಗಳುವುದುಂಟು. ಆ ಬಾಂಧವ್ಯದ ಹಗ್ಗ ಯಾರ ಕೈಯಲ್ಲಿದೆ ಎಂದು ಮಾತ್ರ ನಾವು ಕೇಳುವುದಿಲ್ಲ.

ಅವಿಭಜಿತ ಕೋಲಾರ ಜಿಲ್ಲೆಗೆ ಇಂಥ ಗುಂಪುಗಳು ಹೊಸತಲ್ಲ. 1977ರಲ್ಲಿ ಬಾಗೇಪಲ್ಲಿಯಲ್ಲಿ ಆರಂಭವಾದ ಅಡಾಟ್ಸ್ ಸಂಸ್ಥೆಯ ನೆರವಿನಿಂದ ಬೆಳೆದ ಕೂಲಿ ಸಂಘವು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ತಾಲ್ಲೂಕುಗಳಿಗೂ ಹರಡಿತು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ದುಡಿಯುತ್ತಿದ್ದ ಹಳ್ಳಿಗಳ ಜನರು ದೊಡ್ಡ ಸಹಕಾರ ಸಂಘಗಳಲ್ಲಿ ನಂಬಿಕೆ ಕಳೆದುಕೊಂಡು, ಪರಸ್ಪರ ಬಲ್ಲ ಹತ್ತಿಪ್ಪತ್ತು ಮಂದಿಯ ಗುಂಪುಗಳನ್ನು ಕಟ್ಟಿಕೊಂಡರು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸತೊಡಗಿತು. ಅಲ್ಲಿ ಉಳಿತಾಯ ಸದಸ್ಯರದು, ತೀರ್ಮಾನವೂ ಅವರದು. ಗೂಡು ಹಾಳಾದುದನ್ನೂ ಮಗು ಆಸ್ಪತ್ರೆ ಸೇರಿದುದನ್ನೂ ಬಲ್ಲವರು ಒಂದು ಕಂತನ್ನು ಮುಂದೂಡಬಲ್ಲರು. ಸಾಲ ಕೊಡುವವನೇ ಕಟ್ಟಿದ ಗುಂಪಿನಲ್ಲಿಯೂ ನೆರೆಯವರಿಗೆ ಇವೆಲ್ಲ ಗೊತ್ತು; ಆದರೆ ಕಂತು ಮುಂದೂಡುವ ಅಧಿಕಾರ ಅವರಿಗಿಲ್ಲ. ಪರಿಚಯವೇ ಅಲ್ಲಿ ಜಾಮೀನು, ಅವಮಾನವೇ ವಸೂಲಿಯ ಸಾಧನ.

ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. 10 ವರ್ಷಗಳವರೆಗಿನ ಸೆರೆವಾಸವನ್ನೂ ಅದರಲ್ಲಿ ವಿಧಿಸಿತು. ಒಳ್ಳೆಯದೇ. ಆದರೆ ಠಾಣೆಯ ಮೆಟ್ಟಿಲು ಹತ್ತಲು ಆಕೆಗೆ ಜೊತೆ ಬೇಕಲ್ಲವೇ?

ನಮ್ಮ ಧರ್ಮಕೇಂದ್ರಗಳಲ್ಲಿ ಕುಟುಂಬಗಳು ಕೆಲವೇ. ಎಲ್ಲರೂ ಎಲ್ಲರನ್ನೂ ಬಲ್ಲರು. ಬಲ್ಲವರಾದ್ದರಿಂದಲೇ ಸಾಲವನ್ನು ಮುಚ್ಚಿಡುವವರು ಹೆಚ್ಚು. ಭಾನುವಾರದ ಪೂಜೆಗೆ ಒಳ್ಳೆಯ ಸೀರೆಯುಟ್ಟು ಬಂದವಳ ಮನೆಗೆ ಸೋಮವಾರ ಯಾರು ಬರುತ್ತಾರೆಂಬುದು ಪಕ್ಕದ ಸಾಲಿನವರಿಗೂ ತಿಳಿಯದು. 1833ರಲ್ಲಿ ಫ್ರೆಡೆರಿಕ್ ಓಝನಾಮ್ ಮತ್ತು ಆತನ ಕೆಲವು ಗೆಳೆಯರು ಪ್ಯಾರಿಸ್ಸಿನಲ್ಲಿ ಆರಂಭಿಸಿದ ವಿನ್ಸೆಂಟ್ ದಿ ಪೌಲ್ ಸಭೆ ಮೊದಲು ಮಾಡಿದ ಕೆಲಸ ಬಡವರ ಮನೆಗಳಿಗೆ ಹೋಗುವುದು. ವಾರ್ಷಿಕೋತ್ಸವದ ಊಟಕ್ಕೆ ವಂತಿಗೆ ಎತ್ತುವುದರಲ್ಲಿ ನಿಪುಣರಾದ ನಮ್ಮ ಸಂಘಗಳು ಈ ತಿಂಗಳು ಅಂಥದೊಂದು ಸುತ್ತು ಹಾಕಲಿ. ಯಾವ ಮನೆಗೆ ಎಷ್ಟು ಕಡೆಯ ಕಂತು ಬರುತ್ತಿದೆಯೆಂದು ಮೆಲ್ಲನೆ, ಗುಟ್ಟು ಕಾಯ್ದು ವಿಚಾರಿಸಲಿ. ಅನ್ಯಧರ್ಮದ ನೆರೆಯವರ ಮನೆಯನ್ನೂ ಬಿಡದಿರಲಿ. ಕಂತಿನ ದಿನ ಆಕೆಯ ಜಗಲಿಯಲ್ಲಿ ನಮ್ಮವರೂ ಇಬ್ಬರು ಕುಳಿತಿರಲಿ.