ಯಾತ್ರೆಯ ವಾಹನದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ

ಹೊಸ ವಾಹನವು ಮನೆಗೆ ಬಂದ ದಿನ ಅದಕ್ಕೆ ಹೂಮಾಲೆ ಹಾಕಿ ಪೂಜಿಸುತ್ತೇವೆ. ಆಸನದ ಹೊದಿಕೆಯನ್ನೂ ಸುಗಂಧದ ಸೀಸೆಯನ್ನೂ ಮನಸ್ಸಿಗೆ ಒಪ್ಪುವಂತೆ ಆರಿಸಿ ತರುತ್ತೇವೆ. ಆದರೆ ವಾಹನದೊಡನೆ ಬಂದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಬಿಚ್ಚಿ ನೋಡುವವರು ವಿರಳ. ನಿಯಮದ ಪಾಲನೆಗಾಗಿ ಸಿದ್ಧವಾದ ಆ ಪೆಟ್ಟಿಗೆಗೆ ನಮ್ಮ ಮನೆಯವರ ಕಾಯಿಲೆಗಳು ಗೊತ್ತಿಲ್ಲ, ನಾವು ಹೋಗುವ ದಾರಿಯೂ ಗೊತ್ತಿಲ್ಲ. ಅದನ್ನು ಪೂರ್ಣಗೊಳಿಸುವ ಹೊಣೆ ನಮ್ಮದೇ ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಸೇವೆಯಿದೆ. ಅಪಘಾತವಾದೊಡನೆ ಮೊದಲು ಆ ಸಂಖ್ಯೆಗೆ ಕರೆ ಮಾಡಲೇಬೇಕು. ಆದರೂ ಆಂಬುಲೆನ್ಸ್ ತಲಪುವವರೆಗಿನ ನಿಮಿಷಗಳು ಸ್ಥಳದಲ್ಲಿರುವವರ ಕೈಯಲ್ಲಿರುತ್ತವೆ. ದೊಡ್ಡ ರಕ್ತನಾಳ ತುಂಡಾದರೆ ಆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದ ಪೆಟ್ಟಿಗೆಯ ಮೊದಲ ಕರ್ತವ್ಯ ರಕ್ತವನ್ನು ನಿಲ್ಲಿಸುವುದು. ಅಂಗಡಿಯ ಅನೇಕ ಪೆಟ್ಟಿಗೆಗಳಲ್ಲಿ ಬೆರಳಿಗೆ ಸುತ್ತುವ ಸಣ್ಣ ಪಟ್ಟಿಗಳೇ ಹೆಚ್ಚು. ನಾವು ಸೇರಿಸಬೇಕಾದವು ಇವು: ಕ್ರಿಮಿರಹಿತ ದಪ್ಪ ಗಾಜ್ ಪಟ್ಟಿಗಳು, ಅಗಲವಾದ ಕ್ರೇಪ್ ಬ್ಯಾಂಡೇಜ್, ಮುರಿದ ಕೈಯನ್ನು ಕೊರಳಿಗೆ ತೂಗಿ ಕಟ್ಟಲು ತ್ರಿಕೋನಾಕಾರದ ಬಟ್ಟೆ, ಅಂಟುಪಟ್ಟಿ, ಬಟ್ಟೆ ಕತ್ತರಿಸಬಲ್ಲ ಗಟ್ಟಿ ಕತ್ತರಿ, ನಾಲ್ಕು ಜೊತೆ ಕೈಗವಸು, ಒಂದು ಟಾರ್ಚ್. ಹತ್ತಿಯನ್ನು ತೆರೆದ ಗಾಯದ ಮೇಲೆ ನೇರವಾಗಿ ಇಡಬಾರದು. ಅದರ ಎಳೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ. ಗಾಜ್ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುವೆ ತೆಗೆದು ನೋಡಬಾರದು. ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತಬೇಕು.

ಎರಡನೆಯದು, ವಾಹನದಲ್ಲಿ ಯಾರು ಕುಳಿತಿದ್ದಾರೆ ಎಂಬ ವಿಚಾರ. ಮಧುಮೇಹವುಳ್ಳ ಹಿರಿಯರಿದ್ದರೆ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ಆಸ್ತಮಾ ಇರುವವರ ಇನ್‌ಹೇಲರ್, ಹೃದ್ರೋಗಿಗಳಿಗೆ ವೈದ್ಯರು ಬರೆದುಕೊಟ್ಟ ಮಾತ್ರೆ ಜೊತೆಗಿರಲಿ. ಮಕ್ಕಳಿದ್ದರೆ ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್ ಬೇಕು. ಪ್ರತಿಯೊಬ್ಬರ ರಕ್ತದ ಗುಂಪು, ಸೇವಿಸುವ ಔಷಧಿ, ಒಗ್ಗದ ಔಷಧಿ, ಮನೆಯವರ ದೂರವಾಣಿ ಸಂಖ್ಯೆ ಇವನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿರಿ. ಪ್ರಜ್ಞೆ ತಪ್ಪಿದವರ ಪರವಾಗಿ ಮಾತನಾಡುವುದು ಆ ಚೀಟಿಯೇ.

ಮೂರನೆಯದು, ದಾರಿ. ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವವರ ಅಗತ್ಯ ಬೇರೆ, ಕಾಡಿನ ನಡುವೆ ಉಳವಿಗೆ ಅಥವಾ ನಲ್ಲಮಲದ ಅರಣ್ಯವನ್ನು ದಾಟಿ ಶ್ರೀಶೈಲಕ್ಕೆ ಹೋಗುವವರ ಅಗತ್ಯ ಬೇರೆ. ಅಲ್ಲಿ ಆಸ್ಪತ್ರೆ ದೂರ, ಮೊಬೈಲ್ ಸಂಪರ್ಕವೂ ಎಲ್ಲೆಡೆ ಸಿಗದು. ಅಂತಹ ಪ್ರಯಾಣಕ್ಕೆ ಗಾಜ್ ಪಟ್ಟಿಗಳನ್ನು ಇಮ್ಮಡಿ ಮಾಡಿ, ಕುಡಿಯುವ ನೀರನ್ನು ಹೆಚ್ಚಾಗಿ ಒಯ್ಯಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದೂ ಕೊಯ್ಯುವುದೂ ಸಲ್ಲದು; ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸುವುದೇ ಚಿಕಿತ್ಸೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, ಅರಿಸಿನ ಬೇಡ. ಇಪ್ಪತ್ತು ನಿಮಿಷ ತಣ್ಣೀರು ಹರಿಸಿದರೆ ಸಾಕು, ಅನಂತರ ವೈದ್ಯರಿಗೆ ತೋರಿಸಬೇಕು.

ಪೆಟ್ಟಿಗೆಯನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಹಿಂಬದಿಯ ಡಿಕ್ಕಿಯಲ್ಲಿ ಚೀಲಗಳ ಅಡಿ ಹುದುಗಿದ್ದರೆ, ಹಿಂದಿನಿಂದ ಗುದ್ದಿದ ವಾಹನವೊಂದು ಆ ಬಾಗಿಲನ್ನೇ ತೆರೆಯದಂತೆ ಮಾಡಬಹುದು. ಅದು ಮುಂದಿನ ಆಸನದ ಕೆಳಗಿರಲಿ, ಇರುವ ಜಾಗ ಎಲ್ಲರಿಗೂ ತಿಳಿದಿರಲಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗಿನ ಕಾವಿಗೆ ಔಷಧಿ ಕೆಡುತ್ತದೆ, ಅಂಟುಪಟ್ಟಿ ಸಡಿಲವಾಗುತ್ತದೆ. ಇನ್ಸುಲಿನ್ ಮೊದಲಾದ ಔಷಧಿಗಳನ್ನು ವಾಹನದಲ್ಲಿ ಬಿಟ್ಟು ಹೋಗಬಾರದು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅವಧಿ ಮುಗಿದುದನ್ನು ತೆಗೆದು ಹೊಸದನ್ನು ತುಂಬುವ ರೂಢಿ ಒಳ್ಳೆಯದು.

ದೊಡ್ಡ ಪೆಟ್ಟಿಗೆ ಕೊಂಡರೆ ಸಾಕೆಂಬ ವಾದವನ್ನು ನಾನು ಒಪ್ಪಲಾರೆ. ಬಳಸಲು ಬಾರದ ಇಪ್ಪತ್ತು ಸಾಮಗ್ರಿಗಳಿಗಿಂತ ಬಳಸಬಲ್ಲ ಎಂಟು ಸಾಮಗ್ರಿಗಳೇ ಮೇಲು. ತಂಡವಾಗಿ ಯಾತ್ರೆಗೆ ಹೊರಡುವವರು ಬಾಡಿಗೆ ವಾಹನವನ್ನು ಗೊತ್ತುಮಾಡುವಾಗ ದರ ವಿಚಾರಿಸಿದಂತೆಯೇ ಪೆಟ್ಟಿಗೆಯನ್ನೂ ತೆರೆಸಿ ನೋಡಬೇಕು. ಅದು ಬರಿದಾಗಿದ್ದರೆ ತುಂಬಿಸಿಕೊಂಡೇ ಹೊರಡಬೇಕು.

ಗಾಯಾಳುವನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂಬ ಅಂಜಿಕೆ ಇನ್ನೂ ಅನೇಕರಲ್ಲಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಸದ್ಭಾವದಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ಆದ್ದರಿಂದ ನಮ್ಮ ಪೆಟ್ಟಿಗೆ ನಮ್ಮವರಿಗಷ್ಟೇ ಮೀಸಲಾಗಬೇಕಿಲ್ಲ; ದಾರಿಯಲ್ಲಿ ಬಿದ್ದ ಅಪರಿಚಿತರಿಗೂ ಅದು ತೆರೆಯಲಿ. ಮುಂದಿನ ಪ್ರಯಾಣಕ್ಕೆ ಹೊರಡುವ ಮುನ್ನ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದು, ಒಂದೊಂದು ಸಾಮಗ್ರಿಯ ಬಳಕೆಯನ್ನೂ ಮನೆಯವರೆಲ್ಲರಿಗೆ ತಿಳಿಸಿಕೊಡಿರೆಂದು ಓದುಗ ಬಂಧುಗಳಲ್ಲಿ ವಿನಂತಿಸುತ್ತೇನೆ.