‘ಸ್ವಲ್ಪ ತಿಂದರೆ ಏನಾದೀತು?’

ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯ ಮದುವೆಯೊಂದರಲ್ಲಿ, ನನ್ನ ತಂಗಿಯ ಮೊಮ್ಮಗಳು, ಆಗಿನ್ನೂ ಏಳು ವರ್ಷದ ಹುಡುಗಿ, ತನಗೆ ಕಡಲೆಕಾಯಿ ಆಗದೆಂದು ಚಿತ್ರಾನ್ನವನ್ನು ಮುಟ್ಟದೆ ಕುಳಿತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಪರಮ ವಾತ್ಸಲ್ಯದಿಂದ ಅವಳ ಎಲೆಯ ಮೇಲಿನ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆದು, “ಈಗ ಇದರಲ್ಲೇನೂ ಇಲ್ಲ, ತಿನ್ನು ಮಗು, ಸ್ವಲ್ಪ ತಿಂದರೆ ಏನಾದೀತು?” ಎಂದರು. ಏನಾಯಿತೆಂಬುದನ್ನು ಹತ್ತು ನಿಮಿಷಗಳೊಳಗೆ ಪಂಕ್ತಿಯೆಲ್ಲವೂ ಕಂಡಿತು: ತುಟಿ ಬಾತುಕೊಂಡಿತು, ಮೈಯೆಲ್ಲ ದದ್ದೆದ್ದಿತು, ಉಸಿರಿನಲ್ಲಿ ಸಿಳ್ಳಿನಂಥ ಸದ್ದು ಕೇಳಿಸತೊಡಗಿತು. ಒಬ್ಬರು ಪಾನಕ ತರಿಸಿದರು, ಮತ್ತೊಬ್ಬರು ದೃಷ್ಟಿ ನಿವಾಳಿಸಬೇಕೆಂದರು. ಅವಳ ತಾಯಿಯ ಚೀಲದಲ್ಲಿ ಅಡ್ರಿನಲಿನ್ ಔಷಧವಿದ್ದು, ಅತಿಥಿಗಳ ಪೈಕಿ ವೈದ್ಯರೊಬ್ಬರಿದ್ದುದರಿಂದ ಮಗು ಉಳಿಯಿತು.

ಆ ಹಿರಿಯರನ್ನು ದೂಷಿಸುವ ಮನಸ್ಸು ನನಗಿಲ್ಲ. ‘ಆಗಿಬರುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಸಡಿಲವಾದದ್ದು; ಬದನೆಕಾಯಿ ನಂಜೆಂದು ಬಿಡುವವನೂ, ಹಾಲು ಕುಡಿದರೆ ಹೊಟ್ಟೆಯುಬ್ಬರವೆನ್ನುವವನೂ ಅದನ್ನೇ ಆಡುತ್ತಾರೆ, ಮತ್ತು ಹಬ್ಬದ ದಿನ ಒತ್ತಾಯಕ್ಕೆ ಮಣಿದು ಒಂದು ತುತ್ತು ತಿಂದು ಸುಖವಾಗಿಯೇ ಇರುತ್ತಾರೆ. ಆದರೆ ಪೋರ್ಟಿಯರ್ ಮತ್ತು ರಿಷೇ ಎಂಬ ಫ್ರೆಂಚ್ ವಿಜ್ಞಾನಿಗಳು 1902ರಲ್ಲಿ ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟ ಅವಸ್ಥೆ ಈ ಜಾತಿಯದಲ್ಲ. ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು, ಅವುಗಳಲ್ಲಿ ಸಹನಶಕ್ತಿ ಬೆಳೆಯುವುದೆಂದು ನಿರೀಕ್ಷಿಸಿದ ಅವರು ಕಂಡದ್ದು ಅದಕ್ಕೆ ತೀರ ವಿಪರೀತವಾದುದನ್ನು: ಮೊದಲ ಸಲ ಬದುಕಿದ ನಾಯಿ, ಕೆಲವು ವಾರಗಳ ಅನಂತರ ಅದಕ್ಕಿಂತ ಎಷ್ಟೋ ಅಲ್ಪವಾದ ಪ್ರಮಾಣಕ್ಕೆ ಕ್ಷಣಾರ್ಧದಲ್ಲಿ ಕುಸಿಯಿತು. ರಿಷೇಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಈ ಶೋಧನೆಗಾಗಿ. ‘ಸ್ವಲ್ಪ’ ಎಂಬುದು ಇಲ್ಲಿ ಅಭಯವಲ್ಲ.

ಇದು ಪರದೇಶದವರ ರೋಗವೆಂದು ತಳ್ಳಿಹಾಕುವವರಿಗೆ ಒಂದು ಅಂಕಿ ಸಾಕು: ಬೆಂಗಳೂರು, ಮೈಸೂರುಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು ಶೇ 1.2ರಷ್ಟು ಮಂದಿಯಲ್ಲಿ ಆಹಾರದ ಅಲರ್ಜಿ ಸಂಭವನೀಯವೆಂದು ಗುರುತಿಸಿತು.

ನನಗೆ ಸೋಜಿಗವೆನಿಸುವುದು ಮತ್ತೊಂದು. ಸೋಂಕೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಲೆಕ್ಕವಿಟ್ಟ ಅಡಿಗೆಮನೆಗಳು ನಮ್ಮವು. ಮುಸುರೆಯ ಕೈಯಿಂದ ಮೊಸರಿನ ಪಾತ್ರೆಯನ್ನು ಮುಟ್ಟಬಾರದು, ಸಾರಿನ ಸೌಟನ್ನು ಹಾಲಿಗೆ ಹಾಕಬಾರದು, ಈರುಳ್ಳಿ ಹೆಚ್ಚಿದ ಈಳಿಗೆಮಣೆ ಏಕಾದಶಿಯ ಫಲಾಹಾರಕ್ಕೆ ಸಲ್ಲದು, ಇದನ್ನೆಲ್ಲ ಯಾವ ಪುಸ್ತಕವನ್ನೂ ಓದದ ಅಜ್ಜಿಯರು ಅರಿತಿದ್ದರು. ಈ ಜ್ಞಾನವನ್ನು ಮನುಷ್ಯರನ್ನು ಮನುಷ್ಯರಿಂದ ದೂರವಿಡುವುದಕ್ಕೆ ನಾವು ಬಳಸಿದ್ದು ಬೇರೆ ಮಾತು, ಮತ್ತು ನಾಚಿಕೆಯ ಮಾತು. ಆದರೆ ಈರುಳ್ಳಿ ತಿನ್ನದ ಅತಿಥಿಗಾಗಿ ಬೇರೆ ಒಲೆ ಹೂಡಬಲ್ಲ ಅಡಿಗೆಯವನು, ಕಡಲೆಕಾಯಿ ತಗಲಿದರೆ ಉಸಿರು ಕಟ್ಟುವ ಮಗುವಿಗಾಗಿ ಒಂದು ಸೌಟನ್ನು ಪ್ರತ್ಯೇಕವಾಗಿಡಲಾರನೆಂಬುದನ್ನು ನಾನು ಒಪ್ಪಲಾರೆ. ವ್ರತವನ್ನು ಗೌರವಿಸುವ ನಾವು ವ್ಯಾಧಿಯನ್ನು ಮಾತ್ರ ಹಟವೆಂದೋ ಬಿಂಕವೆಂದೋ ಬಗೆಯುತ್ತೇವೆ.

ಕೇಳಿ ತಿಳಿಯುವುದೂ ಸುಲಭವಲ್ಲ. ಹಳೆಯ ಮೈಸೂರಿನವರ ಕಡಲೆಕಾಯಿ ಧಾರವಾಡದಲ್ಲಿ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ; ‘ಕಡಲೆ ಹಾಕಿದ್ದೀರಾ?’ ಎಂದು ಹೋಟೆಲಿನಲ್ಲಿ ವಿಚಾರಿಸಿದರೆ ಮಾಣಿಯ ಮನಸ್ಸು ಹುರಿಗಡಲೆಗೆ ಹೋಗುತ್ತದೆ, ಅವನು ಸತ್ಯವಾಗಿಯೇ ‘ಇಲ್ಲ’ವೆನ್ನುತ್ತಾನೆ. ಹುರಿದರೆ ದೋಷ ಹೋಗುವುದೆಂಬ ನಂಬಿಕೆಗೂ ಆಧಾರವಿಲ್ಲ. ಕಡಲೆಕಾಯಿಯ ಪ್ರೋಟೀನು ಹುರಿದಷ್ಟೂ ಉಗ್ರವಾಗುವುದುಂಟು. ಈಚೆಗೆ ಆರೋಗ್ಯದ ಹೆಸರಿನಲ್ಲಿ ಮರಳಿ ಬಂದಿರುವ ಗಾಣದೆಣ್ಣೆಯಲ್ಲಿ, ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿಲ್ಲದ ಆ ಪ್ರೋಟೀನು ಉಳಿದಿರುತ್ತದೆ. ಇನ್ನು ಸಂಕ್ರಾಂತಿಯ ಎಳ್ಳುಬೆಲ್ಲದ ಒಂದು ಹಿಡಿಯಲ್ಲಿ ಎಳ್ಳೂ ಕಡಲೆಕಾಯಿಯೂ ಜೊತೆಗೂಡಿಯೇ ಮನೆಮನೆಗೆ ಬರುತ್ತವೆ. ಪೊಟ್ಟಣದ ಮೇಲೆ ಅಲರ್ಜಿಕಾರಕಗಳನ್ನು ಅಚ್ಚುಹಾಕಬೇಕೆಂಬ 2020ರ ನಮ್ಮ ನಿಯಮಾವಳಿಯ ಪಟ್ಟಿಯಲ್ಲಿ ಕಡಲೆಕಾಯಿಯಿದೆ, ಎಳ್ಳಿಲ್ಲ, ಸಾಸಿವೆಯೂ ಇಲ್ಲ. ಅಮೆರಿಕವು 2023ರಿಂದ ಎಳ್ಳನ್ನು ಸೇರಿಸಿಕೊಂಡಿತು. ಒಗ್ಗರಣೆಯಿಲ್ಲದೆ ಊಟವಿಲ್ಲದ ನಾಡು ಸಾಸಿವೆಯನ್ನು ಮರೆತದ್ದು ವಿನೋದವೇ ಸರಿ.

ಔಷಧದ ವಿಷಯದಲ್ಲಿ ಒಂದನ್ನು ಸ್ಪಷ್ಟವಾಗಿ ಹೇಳಬೇಕು. ದದ್ದು ಇಳಿಸುವ ಮಾತ್ರೆ ಉಸಿರು ಕಟ್ಟುವುದನ್ನು ತಡೆಯಲಾರದು; ಬೇಕಾದದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ತಡಮಾಡದೆ ಕೊಡುವ ಅಡ್ರಿನಲಿನ್, ಆಮೇಲೆ ಆಸ್ಪತ್ರೆ, ಏಕೆಂದರೆ ಕೆಲವು ತಾಸುಗಳ ಬಳಿಕ ಅದೇ ಉಪದ್ರವ ಮರುಕಳಿಸಬಹುದು. ತಾನೇ ಚುಚ್ಚಿಕೊಳ್ಳಬಹುದಾದ ಲೇಖನಿಯಾಕಾರದ ಸಾಧನ ನಮ್ಮ ಊರುಗಳ ಔಷಧದಂಗಡಿಗಳಲ್ಲಿ ಸುಲಭವಾಗಿ ಸಿಕ್ಕದು; ಅಗ್ಗದ ಗಾಜಿನ ಆಂಪೂಲು, ಒಂದು ಸಿರಿಂಜು, ವೈದ್ಯರು ಬರೆದುಕೊಟ್ಟ ಪ್ರಮಾಣ, ಇವನ್ನೇ ಹೊತ್ತು ತಿರುಗುವ ತಾಯಂದಿರಿದ್ದಾರೆ. ಆ ಸಾಧನವನ್ನು ಎಟುಕುವ ಬೆಲೆಗೆ ಒದಗಿಸುವುದು ಸರ್ಕಾರಕ್ಕೆ ಅಸಾಧ್ಯವೆಂದು ನನಗೆ ತೋರುವುದಿಲ್ಲ.

ಕಳೆದ ಮಾಘದಲ್ಲಿ ಮತ್ತೊಂದು ಮದುವೆಗೆ ಹೋಗಿದ್ದೆವು. ತಂಗಿ ಅಡಿಗೆಯ ಕೋಣೆಗೇ ನಡೆದು, ಹುಳಿಯಲ್ಲಿ ಕಡಲೆಕಾಯಿ ಸೇರಿದೆಯೇ ಎಂದು ವಿಚಾರಿಸಿದಳು. ಅಡಿಗೆಯ ಭಟ್ಟರು ಕೈಯೊರಸಿಕೊಂಡು ಕ್ಷಣಕಾಲ ಯೋಚಿಸಿ, “ಪುಡಿ ಅಂಗಡಿಯಿಂದ ತಂದದ್ದು, ತಾಯೀ. ಅದರಲ್ಲಿ ಏನೇನಿದೆಯೋ ನನಗೆ ತಿಳಿಯದು. ಮಗುವಿಗೆ ಬಡಿಸಬೇಡಿ” ಎಂದರು. ಹುಡುಗಿ ಮನೆಯಿಂದ ತಂದ ಡಬ್ಬಿಯ ಮೊಸರನ್ನವನ್ನು ಎಲೆಗೆ ಹಾಕಿಕೊಂಡು ನಮ್ಮ ಪಂಕ್ತಿಯಲ್ಲೇ ಉಂಡಳು. ಅಂದು ಅವಳನ್ನು ಯಾರೂ ಒತ್ತಾಯಪಡಿಸಲಿಲ್ಲ.