ಮುದುಕರ ಓಟು, ಹುಡುಗರ ಓಟು ಅಂತಾರ; ಓಟೇ ಎಲ್ಲಿತ್ತು?

2022ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆ ನಡೆದಾಗ ಕುರಕುಂಟಾದಂಥ ಊರುಗಳ ನಮ್ಮ ಓಣಿಗಳಲ್ಲಿ, ಸೇಡಂ ಕಲಬುರಗಿಯ ಹಾಸ್ಟೆಲ್ಲುಗಳಲ್ಲಿ ಎರಡು ಮಾತು ಹುಟ್ಟಿದವು. "ನಮ್ಮ ಖರ್ಗೆಯವರು ದಿಲ್ಲಿ ಗಾದಿ ಮ್ಯಾಲ ಕುಂಡ್ರತಾರ" ಎಂದು ಹಿರಿಯರು. "ಎಂಬತ್ತು ವರ್ಷದವರು ಯಾಕ? ಶಶಿ ತರೂರ್ ಬರಲಿ, ಬದಲಾವಣಿ ಅಂತಾರಲ್ಲ" ಎಂದು ಕೆಲವು ಹುಡುಗರು. ಪತ್ರಿಕೆಗಳೂ ಇದನ್ನೇ ಬರೆದವು: ಹಿರಿಯರು ಖರ್ಗೆ ಕಡೆ, ಎಳೆಯರು ತರೂರ್ ಕಡೆ. ಈ ಮಾತನ್ನು ಇನ್ನೂ ಹೊತ್ತು ತಿರುಗುವವರಿದ್ದಾರೆ. ಸ್ವಲ್ಪ ಕೆದಕಿ ನೋಡೋಣ.

ಮೊದಲು ಲೆಕ್ಕ. ಅಕ್ಟೋಬರ್ 17ಕ್ಕೆ ಮತದಾನ, 19ಕ್ಕೆ ಎಣಿಕೆ. ಖರ್ಗೆಯವರಿಗೆ 7,897, ತರೂರರಿಗೆ 1,072, ಕೆಟ್ಟ ಓಟು 416. ಎಲ್ಲ ಕೂಡಿಸಿದರೆ 9,385. ಕೋಟಿಗಟ್ಟಲೆ ಜನರ ಓಟು ಕೇಳುವ ಪಕ್ಷದ ಅಧ್ಯಕ್ಷರನ್ನು ಆರಿಸಿದವರು ಹತ್ತು ಸಾವಿರ ಜನವೂ ಅಲ್ಲ! ಅವರು ಪ್ರದೇಶ ಕಾಂಗ್ರೆಸ್ಸಿನ ಪ್ರತಿನಿಧಿಗಳು, ಬ್ಲಾಕುಗಳಿಂದ ಪಟ್ಟಿಗೆ ಬಂದವರು. ಎಣಿಸುವ ಮೊದಲು ಎಲ್ಲ ರಾಜ್ಯಗಳ ಮತಪತ್ರಗಳನ್ನು ಒಂದೇ ಕಡೆ ಕಲೆಸಿಬಿಟ್ಟರು. ಕರ್ನಾಟಕದವರು ಯಾರಿಗೆ ಹಾಕಿದರು ಎಂಬುದೇ ತಿಳಿಯದಿರುವಾಗ ಮೂವತ್ತರವನು ಯಾರಿಗೆ ಹಾಕಿದ, ಅರವತ್ತರವನು ಯಾರಿಗೆ ಹಾಕಿದ ಎಂದು ಹೇಳುವವರು ಯಾವ ಪೆಟ್ಟಿಗೆಯೊಳಗೆ ಇಣುಕಿ ನೋಡಿದರು? ಚುನಾವಣೆಗೆ ಮೊದಲು ತರೂರ್, ಮನೀಶ್ ತಿವಾರಿ ಮೊದಲಾದವರು ಮತದಾರರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ ಎಂದು ಕೇಳಿದ್ದರು. ಪಕ್ಷ ಒಪ್ಪಲಿಲ್ಲ. ನಿಲ್ಲುವವರು ಕಚೇರಿಗೆ ಬಂದು ನೋಡಿಕೊಳ್ಳಲಿ ಎಂದಿತು.

ಅಂದರೆ ಓಣಿಯ ಮುತ್ಯಾನಿಗೂ ಓಟಿರಲಿಲ್ಲ, ಹಾಸ್ಟೆಲ್ಲಿನ ಮೊಮ್ಮಗನಿಗೂ ಇರಲಿಲ್ಲ. ಓಟಿಲ್ಲದ ಇಬ್ಬರು ಒಬ್ಬರ ಮ್ಯಾಲೊಬ್ಬರು ಮುನಿಸಿಕೊಂಡು ಕುಂತರು.

ಹಾಗೆಂದು ಆ ಮುನಿಸು ಸುಳ್ಳಲ್ಲ. ಮುತ್ಯಾನ ಮಾತನ್ನು ಜಾತಿಯ ಮೋಹ ಎಂದು ನಗುವ ಡಿಗ್ರಿ ಹುಡುಗರನ್ನು ನಾನು ಒಪ್ಪುವುದಿಲ್ಲ. ಖರ್ಗೆಯವರು 1972ರಿಂದ ಗುರುಮಠಕಲ್ಲಿನಲ್ಲಿ ಎಂಟು ಸಲ ಗೆದ್ದವರು, 2008ರಲ್ಲಿ ಚಿತ್ತಾಪುರದಿಂದ ಗೆದ್ದವರು. 1999, 2004, 2013, ಮೂರು ಸಲ ಮುಖ್ಯಮಂತ್ರಿ ಪದವಿಗೆ ಅವರ ಹೆಸರು ಕೇಳಿಬಂತು, ಮೂರು ಸಲವೂ ಕುರ್ಚಿ ಬೇರೆಯವರದಾಯಿತು. ಓಣಿ ಇದನ್ನು ಮರೆತಿಲ್ಲ. ಸಂಜೀವಯ್ಯ, ಜಗಜೀವನ್ ರಾಮ್ ನಂತರ ಅರ್ಧ ಶತಮಾನ ಆ ಪಕ್ಷದ ಗಾದಿ ಮ್ಯಾಲ ನಮ್ಮವರೊಬ್ಬರೂ ಕೂರಲಿಲ್ಲ. ಇದನ್ನೆಲ್ಲ ಕಂಡವನಿಗೆ ವಯಸ್ಸು ಎಂಬತ್ತಾದರೇನು, ತೊಂಬತ್ತಾದರೇನು? ಇನ್ನು 371(ಜೆ) ಸರ್ಟಿಫಿಕೇಟು ಹಿಡಿದು ಕಾಲೇಜಿನಲ್ಲಿ ಸೀಟು ಪಡೆದ ನಾವು, ಆ ತಿದ್ದುಪಡಿಗೆ ದಿಲ್ಲಿಯಲ್ಲಿ ದನಿ ಎತ್ತಿದವರಲ್ಲಿ ಖರ್ಗೆಯವರು ಮುಂದಿದ್ದರು ಎಂಬುದನ್ನು ಮರೆತು ಮಾತಾಡಬಾರದು.

ಹುಡುಗರ ಸಿಟ್ಟಿಗೂ ಬೇರಿದೆ. ಕುರಕುಂಟಾದ ಸಿಸಿಐ ಸಿಮೆಂಟ್ ಕಾರ್ಖಾನೆ ಅವರು ಹುಟ್ಟುವ ಮೊದಲೇ ನಿಂತುಹೋಗಿದೆ. ಅವರು ಕಂಡದ್ದು ಅದರ ಗೋಡೆ ಮಾತ್ರ. ಸರ್ಟಿಫಿಕೇಟು ಉಂಟು, ಖಾಲಿ ಹುದ್ದೆ ತುಂಬುವ ಮಾತಿಲ್ಲ. ಮುತ್ಯಾನಿಗೆ ಗಾದಿ ಕಂಡರೆ ಸಮಾಧಾನ. ಮೊಮ್ಮಗ ಗಾದಿಯಿಂದ ಏನು ಬಂತು ಎಂದು ಕೇಳುತ್ತಾನೆ. ಎರಡೂ ಹಸಿವೇ.

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಸಾಮಾನ್ಯ ಜನರೇ ಓಟು ಹಾಕುತ್ತಾರೆ, ಹಾಕಿ ಹೊರಬಂದವರನ್ನು ಕೇಳಿ ವಯಸ್ಸಿನ ಲೆಕ್ಕವನ್ನೂ ಬರೆದಿಡುತ್ತಾರೆ. 2016ರಲ್ಲಿ ಮೂವತ್ತರೊಳಗಿನವರು ಬರ್ನಿ ಸ್ಯಾಂಡರ್ಸ್‌ಗೆ ಹಾಕಿದ ಓಟು ಹಿಲರಿ ಕ್ಲಿಂಟನ್, ಟ್ರಂಪ್ ಇಬ್ಬರಿಗೂ ಕೂಡಿ ಬಿದ್ದ ಎಳೆಯರ ಓಟಿಗಿಂತ ಹೆಚ್ಚು. ಆಗ ಸ್ಯಾಂಡರ್ಸ್ ಎಪ್ಪತ್ತು ದಾಟಿದ ಮುದುಕ! 2020ರ ಫೆಬ್ರವರಿ 29ಕ್ಕೆ ಸೌತ್ ಕೆರೊಲಿನಾದಲ್ಲಿ ಅದೇ ಸ್ಯಾಂಡರ್ಸ್ ಸೋತರು, ಬೈಡನ್ ಗೆದ್ದರು. ಗೆಲ್ಲಿಸಿದವರು ಮುಖ್ಯವಾಗಿ ಕಪ್ಪು ಜನರ ಹಿರಿಯರು. ಮೂರು ದಿನ ಮೊದಲು ಕಪ್ಪು ಜನರ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಹೆಸರು ಹೇಳಿದ್ದರು. ಕಪ್ಪು ಹುಡುಗರಲ್ಲಿ ಅನೇಕರು ಮುನಿದರು. ಆದರೆ 1965ರ ಕಾನೂನು ಬರುವತನಕ ಓಟಿನ ಕಟ್ಟೆ ಹತ್ತಲು ಬಿಡದ ನಾಡಿನಲ್ಲಿ ಬೆಳೆದವರು ಅವರ ಮನೆಯ ಮುದುಕರು. ಸೋತರೆ ಮೊದಲು ಏಟು ಬೀಳುವುದು ಯಾರ ಬೆನ್ನಿಗೆ ಎಂದು ಗೊತ್ತಿದ್ದವರು. ಇದು ನಮ್ಮ ಓಣಿಯ ಕಥೆಯೇ ಅಲ್ಲವೆ? ವ್ಯತ್ಯಾಸ ಒಂದೇ, ಅಲ್ಲಿ ಅಜ್ಜಿ ಮೊಮ್ಮಗಳು ಇಬ್ಬರ ಕೈಯಲ್ಲೂ ಓಟಿತ್ತು.

ಇಂಥ ಮೊದಲ ಸುತ್ತಿನ ಚುನಾವಣೆ ನಮಗೆ ಹೊಸದೂ ಅಲ್ಲ. 1932ರ ಪೂನಾ ಒಪ್ಪಂದದಲ್ಲೇ ಅದು ಇದೆ. ಮೀಸಲು ಸ್ಥಾನಕ್ಕೆ ಮೊದಲು ನಮ್ಮ ಜನ ಮಾತ್ರ ಓಟು ಹಾಕಿ ನಾಲ್ವರನ್ನು ಆರಿಸಬೇಕು, ಆಮೇಲೆ ಎಲ್ಲ ಜಾತಿಯವರೂ ಹಾಕಿ ಅವರಲ್ಲೊಬ್ಬನನ್ನು ಗೆಲ್ಲಿಸಬೇಕು. ನಮ್ಮ ಓಟಿನಲ್ಲಿ ಮೊದಲು ಬಂದವನು ಸೋತು ನಾಲ್ಕನೆಯವನು ಗೆಲ್ಲಬಹುದಿತ್ತು. ಬಾಬಾಸಾಹೇಬರು ಈ ಮೋಸವನ್ನು ಕಟುವಾಗಿ ಬಿಚ್ಚಿಟ್ಟರು. ಆದರೂ ಓಣಿಯ ಮನಸ್ಸು ಏನು ಎಂಬುದು ಮೊದಲ ಸುತ್ತಿನಲ್ಲಿ ದಾಖಲಾಗುತ್ತಿತ್ತು. ಆಗ ಸೇಡಂ, ಚಿತ್ತಾಪುರ, ಚಿಂಚೋಳಿ ನಿಜಾಮನ ರಾಜ್ಯ. ಬ್ರಿಟಿಷ್ ಪ್ರಾಂತ್ಯಗಳ ಆ ಓಟು ನಮ್ಮ ಕಡೆಯವರಿಗೆ ಸಿಗಲೇ ಇಲ್ಲ. ಸಂವಿಧಾನ ಬಂದ ಮೇಲೆ ಎಲ್ಲರೂ ಹಾಕುವ ಸುತ್ತು ಮಾತ್ರ ಉಳಿಯಿತು. ಈಗ ಚಿತ್ತಾಪುರ, ಚಿಂಚೋಳಿ, ಕಲಬುರಗಿ ಲೋಕಸಭೆ ಎಲ್ಲ ಮೀಸಲು. ಆ ಮೊದಲ ಸುತ್ತನ್ನು ಪಕ್ಷದ ದೊಡ್ಡವರು ಒಳಕೋಣೆಯಲ್ಲಿ ಮುಗಿಸಿಕೊಂಡು ಬರುತ್ತಾರೆ. 2024ರಲ್ಲಿ ಕಲಬುರಗಿಗೆ ಕಾಂಗ್ರೆಸ್ ಟಿಕೇಟು ಸಿಕ್ಕಿದ್ದು ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿಯವರಿಗೆ. ಅವರು ಗೆದ್ದರು, ಸರಿ. ಟಿಕೇಟಿಗೆ ಮೊದಲು ಯಾವ ಓಣಿಯನ್ನು ಕೇಳಿದರು?

2014ರಲ್ಲಿ ಕೇಳಿದಂತೆ ಮಾಡಿದ್ದುಂಟು. ರಾಹುಲ್ ಗಾಂಧಿಯವರ ಪ್ರಯೋಗ ಎಂದು ದೇಶದ ಕೆಲವೇ ಕ್ಷೇತ್ರಗಳಲ್ಲಿ, ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ, ಅಭ್ಯರ್ಥಿಯನ್ನು ಓಟಿನಿಂದ ಆರಿಸುತ್ತೇವೆ ಎಂದರು. ಓಟಿದ್ದದ್ದು ಪಕ್ಷ ಮಾಡಿದ ಪಟ್ಟಿಯೊಳಗಿನವರಿಗೆ ಮಾತ್ರ. ದಕ್ಷಿಣ ಕನ್ನಡದಲ್ಲಿ ಅಭ್ಯರ್ಥಿಯಾದವರು ಎಪ್ಪತ್ತು ದಾಟಿದ ಜನಾರ್ದನ ಪೂಜಾರಿ, ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ. ಇಬ್ಬರೂ ಸೋತರು. 2019ಕ್ಕೆ ಆ ಪ್ರಯೋಗದ ಸುದ್ದಿಯೇ ಇಲ್ಲ.

ಹುಡುಗರಿಗೆ ಮಾತ್ರ ಓಟು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಯುವ ಕಾಂಗ್ರೆಸ್ಸನ್ನು ನೋಡಲಿ. ಅಲ್ಲಿ ಮುದುಕರಿಗೆ ಓಟೇ ಇಲ್ಲ. 2021ರಲ್ಲಿ ರಾಜ್ಯಾಧ್ಯಕ್ಷ ಸ್ಥಾನಕ್ಕೆ ಗುದ್ದಾಡಿದವರಲ್ಲಿ ಒಬ್ಬರು ಶಾಸಕ ಹ್ಯಾರಿಸರ ಮಗ ನಲಪಾಡ್, ಇನ್ನೊಬ್ಬರು ಮಾಜಿ ಮಂತ್ರಿ ಸೀತಾರಾಂ ಅವರ ಮಗ ರಕ್ಷಾ ರಾಮಯ್ಯ. ಓಟು ಹಾಕಿದವರು ಎಳೆಯರು, ಗೆದ್ದದ್ದು ಅಪ್ಪಂದಿರ ಹೆಸರು. ಉಳಿದ ಪಕ್ಷಗಳವರು ಇದನ್ನೋದಿ ನಗಬೇಕಾಗಿಲ್ಲ. ಬಿಜೆಪಿಯ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಇಬ್ಬರು ಎದುರುಬದುರು ನಿಂತು ಓಟು ನಡೆದದ್ದೇ ಇಲ್ಲ. ಜೆಡಿಎಸ್ಸಿನಲ್ಲಿ ಮನೆಯ ಮಾತೇ ಪಕ್ಷದ ಮಾತು.

ಆದ್ದರಿಂದ ಹಾಸ್ಟೆಲ್ಲಿನ ಗೆಳೆಯರೆ, ದೀಪಾವಳಿಗೆ ಊರಿಗೆ ಹೋದಾಗ ಮುತ್ಯಾನ ಕೂಡ ಖರ್ಗೆ ದೊಡ್ಡವರೋ ತರೂರ್ ದೊಡ್ಡವರೋ ಎಂದು ಜಗಳಕ್ಕೆ ಬೀಳಬ್ಯಾಡ್ರಿ. ಅವರನ್ನೂ ಕರಕೊಂಡು ಸೇಡಂ ಬ್ಲಾಕ್ ಕಾಂಗ್ರೆಸ್ ಕಚೇರಿಗೆ ಹೋಗ್ರಿ. 2022ರಲ್ಲಿ ನಮ್ಮ ಬ್ಲಾಕಿನ ಪರವಾಗಿ ಓಟು ಹಾಕಿದವರು ಯಾರು, ಅವರ ವಯಸ್ಸೆಷ್ಟು, ಅವರನ್ನು ಆರಿಸಲು ಕುರಕುಂಟಾದಲ್ಲಿ ಯಾವತ್ತು ಸಭೆ ಕರೆದಿದ್ದರು ಎಂದು ಕೇಳ್ರಿ. ಪಟ್ಟಿ ತೋರಿಸ್ರಿ ಅನ್ರಿ. ತೋರಿಸದಿದ್ದರ ಅಲ್ಲೇ ಬಾಗಿಲಾಗ ಕುಂಡ್ರಿ. ಮುತ್ಯಾನಿಗೆ ಒಂದು ಕುರ್ಚಿ ಹಾಕಸ್ರಿ.